ತೆಂಗಿನ ಸೀಮೆಯ ಹಣತೆಯೂ ಜಪಾನಿನ ಮೇಣದ ಬತ್ತಿಯೂ

ಮನೆಯಲ್ಲಿ ದೀಪವನ್ನು ಹಚ್ಚುವುದಕ್ಕೆ ಪೂರ್ವದಿಂದಲೂ ಎರಡು ಮಾರ್ಗಗಳುಂಟು. ಎಣ್ಣೆಯನ್ನು ಪಾತ್ರೆಯಲ್ಲಿ ಹೊಯ್ದು, ಅದರಲ್ಲಿ ಬತ್ತಿಯನ್ನು ನೆನೆಯಿಟ್ಟು ಉರಿಸುವುದು ಒಂದು. ಗಟ್ಟಿಯಾದ ಕೊಬ್ಬನ್ನೋ ಮೇಣವನ್ನೋ ಬತ್ತಿಯ ಸುತ್ತಲೂ ಮೆತ್ತಿ, ಪಾತ್ರೆಯ ಹಂಗಿಲ್ಲದೆ ನಿಲ್ಲಿಸಿ ಉರಿಸುವುದು ಇನ್ನೊಂದು. ಕನ್ನಡನಾಡು ಮೊದಲನೆಯ ಮಾರ್ಗವನ್ನು ಹಿಡಿಯಿತು. ಯೂರೋಪ್ ಖಂಡದ ಉತ್ತರಭಾಗದವರೂ ಜಪಾನೀಯರೂ ಎರಡನೆಯದರಲ್ಲಿಯೂ ನುರಿತವರಾದರು. ಇದನ್ನು ನೋಡಿ, ನಮ್ಮ ಹಿರಿಯರಿಗೆ ಮೇಣದ ಬತ್ತಿಯನ್ನು ಮಾಡುವ ಬುದ್ಧಿ ಹೊಳೆಯಲಿಲ್ಲವೆಂದೂ, ಅದು ಪರದೇಶದವರು ಬಂದು ಕಲಿಸಿದ ವಿದ್ಯೆಯೆಂದೂ ಹೇಳತಕ್ಕವರುಂಟು. ಈ ಮಾತು ಸರಿಯೇ ಎಂದು ವಿಚಾರಿಸಬೇಕಾದರೆ, ಜನರ ಬುದ್ಧಿಯನ್ನು ಅಳೆಯುವುದಕ್ಕೆ ಮುಂಚೆ ಅವರ ನೆಲದಲ್ಲಿ ಬೆಳೆದ ಮರಗಳನ್ನೂ ಅವರ ತಲೆಯ ಮೇಲೆ ಕಾಯ್ದ ಬಿಸಿಲನ್ನೂ ನೋಡಬೇಕು.

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಸುತ್ತಮುತ್ತ, ಇತ್ತ ತುರುವೇಕೆರೆಯವರೆಗೂ ಅತ್ತ ಚಿಕ್ಕನಾಯಕನಹಳ್ಳಿಯವರೆಗೂ, ಕಣ್ಣು ಹಾಯಿಸಿದಲ್ಲೆಲ್ಲ ತೆಂಗೇ ಕಾಣುತ್ತದೆ. 1800ನೆಯ ಇಸವಿಯಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಚಿಕ್ಕನಾಯಕನಹಳ್ಳಿಯ ಮಾರ್ಗವಾಗಿ ಬಂದು ಇಲ್ಲಿನ ತೆಂಗಿನ ಬೇಸಾಯವನ್ನು ಬರೆದಿಟ್ಟನು. ಅವನ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಈ ಸೀಮೆಯ ಮನೆಗಳಲ್ಲಿ ಧನುರ್ಮಾಸದ ಮುಂಜಾನೆ ಕೊಬ್ಬರಿ ಎಣ್ಣೆಯು ಬೆಳ್ಳಗೆ ಹೆಪ್ಪುಗಟ್ಟಿರುವುದನ್ನೂ, ಬಿಸಿಲೇರಿದಂತೆ ತಾನೇ ತಿಳಿಯಾಗುವುದನ್ನೂ ಚಿಕ್ಕ ಮಕ್ಕಳೂ ಬಲ್ಲರು. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡ್ ಶಾಖದ ಕೆಳಗೆ ಘನ, ಅದರ ಮೇಲೆ ದ್ರವ. ಇದು ಅಲ್ಪ ಸಂಗತಿಯೆಂದು ತೋರಬಹುದು. ಆದರೆ ಇದನ್ನೇ ಆಧಾರವಾಗಿಟ್ಟುಕೊಂಡು ಲಂಡನ್ ನಗರದಲ್ಲಿ ಒಂದು ದೊಡ್ಡ ಕಾರ್ಖಾನೆ ಎದ್ದು ನಿಂತಿತು. ಅದರ ಕಥೆ ಮುಂದೆ ಬರುತ್ತದೆ.

ತೆಂಗಿನ ಸೀಮೆಯವರು ತೆಂಗಿನ ಎಣ್ಣೆಯಿಂದಲೇ ದೀಪ ಹಚ್ಚಿರಬೇಕೆಂದು ಹೊರಗಿನವರು ಊಹಿಸುವುದು ಸಹಜ. ವಾಸ್ತವವು ಹಾಗಿರಲಿಲ್ಲ. ತಿಪಟೂರಿನ ಕೊಬ್ಬರಿಯು ಗಾಣಕ್ಕೆ ಹಾಕುವ ಕೊಬ್ಬರಿಯಲ್ಲ, ತಿನ್ನುವ ಕೊಬ್ಬರಿ. ಕಾಯಿಗಳನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಇಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಅಲುಗಾಡುವಂತೆ ಆದ ಮೇಲೆ ಒಡೆದು ತೆಗೆದ ಇಡಿಯ ಗಿಟುಕು ಅದು. ಉತ್ತರ ಹಿಂದೂಸ್ಥಾನದ ಪೇಟೆಗಳಲ್ಲಿ ಮಿಠಾಯಿಗೂ ದೇವರ ಪ್ರಸಾದಕ್ಕೂ ಇದಕ್ಕೆ ಗಿರಾಕಿಯುಂಟು. ವರ್ಷವೆಲ್ಲ ಕಾದು ಪಡೆದ ಇಂತಹ ಪದಾರ್ಥವನ್ನು ಹಿಂಡಿ ಹಣತೆಗೆ ಹೊಯ್ಯುವ ಒಕ್ಕಲು ಯಾರು? ಕೌಟು ಹಿಡಿದ ಚೂರುಗಳು ಗಾಣಕ್ಕೆ ಹೋಗುತ್ತಿದ್ದವು. ಅದರ ಎಣ್ಣೆ ಹೆಂಗಸರ ತಲೆಗೆ, ಅಪರೂಪಕ್ಕೆ ದೇವರ ಮುಂದಿನ ದೀಪಕ್ಕೆ. ದಿನನಿತ್ಯದ ಬೆಳಕು ಬೇರೆ ಮರಗಳಿಂದ ಬರುತ್ತಿತ್ತು.

ಆ ಮರಗಳಲ್ಲಿ ಮೊದಲನೆಯದು ಹೊಂಗೆ. ಕೆರೆಯ ಏರಿಯ ಕೆಳಗೆ, ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಯಾರೂ ನೀರೆರೆಯದೆ ಬೆಳೆಯುವ ಇದರ ಬೀಜದಿಂದ ಕಂದುಹಳದಿ ಬಣ್ಣದ, ಕಹಿಯಾದ ಎಣ್ಣೆ ದೊರೆಯುತ್ತದೆ. ಬಾಯಿಗೆ ಆಗದ್ದರಿಂದ ಅಡಿಗೆಯ ಮನೆಯವರು ಇದರ ತಂಟೆಗೆ ಬರುವಂತಿರಲಿಲ್ಲ. ಹೊಗೆ ಸ್ವಲ್ಪ ಹೆಚ್ಚು, ವಾಸನೆ ಇನ್ನೂ ಸ್ವಲ್ಪ ಹೆಚ್ಚು. ಅದನ್ನು ಸಹಿಸಿದವರಿಗೆ ಬೆಳಕು ಸುಲಭ. ಹಿಂಡಿಯು ತೆಂಗಿನ ಬುಡಕ್ಕೆ ಗೊಬ್ಬರ, ಸೊಪ್ಪು ಗದ್ದೆಗೆ. ಅಮರಕೋಶದಲ್ಲಿ ಈ ಮರಕ್ಕೆ ಕರಂಜವೆಂಬ ಹೆಸರಿನ ಜೊತೆಗೆ ನಕ್ತಮಾಲವೆಂಬ ಹೆಸರೂ ಇದೆ. ನಕ್ತವೆಂದರೆ ರಾತ್ರಿ. ನಿಘಂಟುಕಾರರು ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಹೆಸರಿಟ್ಟರೆಂದು ಹಟ ಹಿಡಿಯಲಾಗದು; ಆದರೆ ಹೆಸರು ಒಪ್ಪುವಂತಿದೆ.

ಎರಡನೆಯದು ಹರಳು. ಹರಳೆಣ್ಣೆಗೆ ಗಾಣವೂ ಬೇಡ. ಬೀಜವನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲಕ್ಕೆ ತೇಲುತ್ತದೆ. ಅದನ್ನು ಬಳಿದು ತೆಗೆದು ಮತ್ತೊಮ್ಮೆ ಕಾಯಿಸಿದರಾಯಿತು. ಮನೆಯ ಹೆಂಗಸರೇ ಇದನ್ನು ಮಾಡುತ್ತಿದ್ದರು. ಮಂದವಾದ ಎಣ್ಣೆಯಾದ್ದರಿಂದ ನಿಧಾನವಾಗಿ, ತಣ್ಣಗೆ ಉರಿಯುತ್ತದೆ. ಹಣತೆಗೆ ಹೊಯ್ದದ್ದು ಬಹಳ ಹೊತ್ತು ಬರುತ್ತದೆ. ಮೂರನೆಯದು ಇಪ್ಪೆ, ಸಂಸ್ಕೃತದ ಮಧೂಕ. ಇದರ ಎಣ್ಣೆಯು ಚಳಿಗೆ ತುಪ್ಪದಂತೆ ಗಟ್ಟಿಯಾಗುತ್ತದೆ. ತುಪ್ಪಕ್ಕೆ ಬೆರಸಿ ಮಾರುವ ಮೋಸಗಾರರಿಗೂ ಇದು ಹಿಂದಿನಿಂದ ನೆರವಾಗಿದೆ. ಎಳ್ಳೆಣ್ಣೆಯನ್ನು ಇಲ್ಲಿ ಬಿಟ್ಟಿಲ್ಲ; ತೈಲವೆಂಬ ಶಬ್ದವೇ ತಿಲದಿಂದ ಬಂದದ್ದು. ಆದರೆ ಅದು ತಿನ್ನುವ ಎಣ್ಣೆಯೂ ಆದಕಾರಣ ದೇವರ ಮನೆಗೂ ಶನಿವಾರದ ಹರಕೆಗೂ ಮೀಸಲಾಗಿ, ನಡುಮನೆಯ ಗೂಡಿಗೆ ಇಳಿದದ್ದು ಕಡಿಮೆ.

ಹೀಗೆ ಕಾಡಿನ ಬೀಜದ ಎಣ್ಣೆಯಿಂದ ದೀಪ ಹಚ್ಚುವುದು ಬಹು ಪುರಾತನವಾದ ಪದ್ಧತಿ. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ, ಪರಿತ್ಯಕ್ತಳಾದ ಸೀತಾದೇವಿಗೆ ವಾಲ್ಮೀಕಿಯ ಆಶ್ರಮದವರು ಒಂದು ಎಲೆಮನೆಯನ್ನು ಕೊಡುತ್ತಾರೆ. ಅದರಲ್ಲಿ ಉರಿಯುತ್ತಿದ್ದ ದೀಪವು ಇಂಗುದಿಯ ಎಣ್ಣೆಯದು. ಅಯೋಧ್ಯೆಯ ರಾಣಿಗೆ ಅರಣ್ಯದ ದೀಪ. ಕಾಳಿದಾಸನು ಈ ಎಣ್ಣೆಯ ಹೆಸರನ್ನು ಸುಮ್ಮನೆ ಹೇಳಿಲ್ಲ. ಸಂಸ್ಕೃತ ಕವಿಗಳಿಗೆ ದೀಪವು ಶ್ಲೇಷದ ಗಣಿಯೂ ಹೌದು. ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬುದೊಂದೇ ಹೆಸರು. ಬತ್ತಿಗೂ ಬಾಳಿನ ಅವಸ್ಥೆಗೂ ದಶೆಯೆಂಬುದೊಂದೇ ಹೆಸರು. ದೀಪದ ಬಟ್ಟಲಿಗೂ ಯೋಗ್ಯನಾದ ಮನುಷ್ಯನಿಗೂ ಪಾತ್ರವೆಂಬುದೊಂದೇ ಹೆಸರು. ಈ ಮೂರೂ ಶಬ್ದಗಳು ಹಣತೆಯನ್ನು ಕಂಡವರಿಗೆ ಹೊಳೆಯತಕ್ಕವೇ ಹೊರತು, ಪಾತ್ರವೇ ಇಲ್ಲದ ಮೇಣದ ಬತ್ತಿಯನ್ನು ಕಂಡವರಿಗೆ ಹೊಳೆಯತಕ್ಕವಲ್ಲ.

ಕನ್ನಡದ ಶಾಸನಗಳೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ನಂದಾದೀವಿಗೆಯೆಂಬ ಶಬ್ದ ಮತ್ತೆ ಮತ್ತೆ ಎದುರಾಗುತ್ತದೆ. ನಂದದೆ ಇರತಕ್ಕ ದೀವಿಗೆ, ಎಂದರೆ ಆರಿಹೋಗದ ದೀಪ. ಅದಕ್ಕೆ ಊರಿನ ಪ್ರತಿಯೊಂದು ಗಾಣವೂ ಇಷ್ಟು ಸೊಲ್ಲಗೆ ಎಣ್ಣೆಯನ್ನು ಕೊಡತಕ್ಕದ್ದೆಂದು ಕಟ್ಟಳೆ. ತೆಲ್ಲಿಗರು ಐವತ್ತೊಕ್ಕಲಾಗಿ ಸೇರಿ ದಾನ ಕೊಟ್ಟ ಪ್ರಸಂಗಗಳೂ ಶಾಸನಗಳಲ್ಲಿವೆ. ಅರಳಗುಪ್ಪೆಯ ಕಲ್ಲೇಶ್ವರ, ತುರುವೇಕೆರೆಯ ಚನ್ನಕೇಶವ ಮೊದಲಾದ ಗುಡಿಗಳ ಕತ್ತಲೆಯ ಗರ್ಭಗೃಹದ ಮುಂದೆ ನಿಂತವರಿಗೆ ಈ ಕಟ್ಟಳೆಯ ಬೆಲೆ ತಾನಾಗಿಯೇ ತಿಳಿಯುತ್ತದೆ. ಗಾಣಿಗರಲ್ಲಿ ಒಂದು ಪಂಗಡದವರು ತಮ್ಮನ್ನು ಜ್ಯೋತಿನಗರದವರೆಂದು ಹೇಳಿಕೊಳ್ಳುತ್ತಿದ್ದರು. ಎಣ್ಣೆ ತೆಗೆಯುವವರೆಂಬುದಕ್ಕಿಂತ ಬೆಳಕು ಕೊಡುವವರೆಂಬುದೇ ಅವರಿಗೆ ಗೌರವವಾಗಿತ್ತು.

ಇಲ್ಲೊಂದು ಸೂಕ್ಷ್ಮವುಂಟು. ನಂದಾದೀವಿಗೆಯನ್ನು ಎಣ್ಣೆಯಿಂದಲೇ ನಡಸಬಹುದು. ಮೇಣದ ಬತ್ತಿಯಿಂದ ನಡಸಲಾಗದು. ಹಣತೆಗೆ ಎಣ್ಣೆ ಹೊಯ್ದಷ್ಟೂ ದೀಪ ಮುಂದುವರಿಯುತ್ತದೆ, ಬತ್ತಿ ಬದಲಾದರೂ ಜ್ವಾಲೆ ಅದೇ. ಮೇಣದ ಬತ್ತಿಗಾದರೋ ಹುಟ್ಟುವಾಗಲೇ ಆಯುಸ್ಸು ಗೊತ್ತಾಗಿರುತ್ತದೆ. ದೀಪವನ್ನು ತಲೆಮಾರಿನಿಂದ ತಲೆಮಾರಿಗೆ ನಡಸಿಕೊಂಡು ಬರಬೇಕೆಂಬ ಜನಕ್ಕೆ ಹಣತೆಯೇ ತಕ್ಕ ಉಪಕರಣವಾಯಿತು.

ಹಾಗೆಂದು ನಮ್ಮವರಿಗೆ ಮೇಣವು ತಿಳಿಯದೆ ಇರಲಿಲ್ಲ. ಜೇನಿನ ಮೇಣಕ್ಕೆ ಅಮರಕೋಶದಲ್ಲಿ ಮಧೂಚ್ಛಿಷ್ಟ, ಸಿಕ್ಥಕ ಎಂಬ ಹೆಸರುಗಳಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಮೇಣದ ಬೊಂಬೆಯನ್ನು ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಕರಗಿಸಿ ಹರಿಯಬಿಟ್ಟು, ಬರಿದಾದ ಜಾಗದಲ್ಲಿ ಲೋಹವನ್ನು ಹೊಯ್ಯುವ ಕ್ರಮವು ವಿವರವಾಗಿದೆ. ಮೇಣವು ಕರಗುತ್ತದೆ, ಉರಿಯುತ್ತದೆ, ಅಚ್ಚಿಗೆ ಒಗ್ಗುತ್ತದೆ ಎಂಬುದೆಲ್ಲವನ್ನೂ ಬಲ್ಲ ಶಿಲ್ಪಿಗಳು ಅದರೊಳಗೆ ಒಂದು ನೂಲನ್ನು ಇಡುವುದನ್ನು ಅರಿಯದೆ ಹೋದರೆಂದು ನಂಬುವುದು ಕಷ್ಟ. ಅವರು ಮೇಣವನ್ನು ಉರಿಸಲಿಲ್ಲ. ಅದರಿಂದ ದೇವರನ್ನು ಎರಕ ಹೊಯ್ದರು. ಜೇನು ಬೇಟೆಯಾಡಿ ತರತಕ್ಕ ವಸ್ತು. ಹೊಂಗೆಯ ಬೀಜ ಗುಡಿಸಿ ತರತಕ್ಕ ವಸ್ತು. ಬೆಲೆಯ ಅಂತರವನ್ನು ಬೇರೆ ಹೇಳಬೇಕಾಗಿಲ್ಲ. ಕರಾವಳಿಯ ಕ್ರೈಸ್ತರ ಇಗರ್ಜಿಗಳಲ್ಲಿ ಜೇನುಮೇಣದ ಬತ್ತಿ ಉರಿದದ್ದು ಅವರ ಧರ್ಮದ ವಿಧಿಯಂತೆ.

ಈಗ ಘಟ್ಟದ ಕೆಳಗಿಳಿಯೋಣ. ಮರದಿಂದ ದೊರೆಯುವ ನಿಜವಾದ ಘನ ಕೊಬ್ಬು ಕನ್ನಡನಾಡಿನಲ್ಲಿ ಇರುವುದು ಅಲ್ಲಿ ಮತ್ತು ಮಲೆನಾಡಿನಲ್ಲಿ. ದಕ್ಷಿಣ ಕನ್ನಡದ ದೂಪದ ಮರವನ್ನು ವಾಚಕರು ಕೇಳಿರಬಹುದು. ಅದರ ಅಂಟು ಧೂಪಕ್ಕೆ ಬರುವುದರಿಂದ ಆ ಹೆಸರು. ಅದರ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ, ಹರಳೆಣ್ಣೆಯ ರೀತಿಯಲ್ಲಿಯೇ, ಮೇಲೆ ಕೊಬ್ಬು ತೇಲುತ್ತದೆ. ಆರಿದಾಗ ಹಳದಿ ಬೆರೆತ ಬಿಳುಪಿನ ಗಟ್ಟಿಯಾಗುತ್ತದೆ. 1825ರಲ್ಲಿ ಬೆಂಜಮಿನ್ ಬ್ಯಾಬಿಂಗ್ಟನ್ ಎಂಬಾತನು ಮಂಗಳೂರಿನ ಈ ಮರಗೊಬ್ಬನ್ನು ಪರೀಕ್ಷಿಸಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬರೆದನು. ಈತನು ಹಿಂದೆ ಮದರಾಸಿನಲ್ಲಿ ಕಂಪೆನಿಯ ನೌಕರನಾಗಿದ್ದು, ತಮಿಳಿನ ಪರಮಾರ್ಥ ಗುರುವಿನ ಕಥೆಯನ್ನು 1822ರಲ್ಲಿ ಇಂಗ್ಲಿಷಿಗೆ ತಿರುಗಿಸಿದವನು. ಪೆದ್ದ ಶಿಷ್ಯರ ಕಥೆಯಿಂದ ಕೊಬ್ಬಿನ ಪರೀಕ್ಷೆಗೆ ಹಾರಿದ ಈ ಮನುಷ್ಯನ ಕುತೂಹಲವನ್ನು ಮೆಚ್ಚಬೇಕು. ಆ ಕೊಬ್ಬಿನಿಂದ ಬತ್ತಿಯನ್ನು ಎರಕ ಹೊಯ್ಯುವುದು ಸುಲಭವೆಂದೂ, ಅದು ಉರಿಯುವಾಗ ಪಶುವಿನ ಕೊಬ್ಬಿನ ದುರ್ಗಂಧ ಇಲ್ಲವೆಂದೂ ಆತನು ಕಂಡುಕೊಂಡನು. ಆದರೆ ಅದು 37 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಲಂಡನ್ನಿನ ಚಳಿಯಲ್ಲಿ ಅದು ನೆಟ್ಟಗೆ ನಿಂತಿತು. ಮಂಗಳೂರಿನ ವೈಶಾಖದಲ್ಲಿ ಅದೇ ಬತ್ತಿಯನ್ನು ಜಗಲಿಯ ಮೇಲೆ ನಿಲ್ಲಿಸಿದರೆ ಉರಿಯುವುದಕ್ಕೆ ಮುಂಚೆಯೇ ತಲೆಬಾಗುವುದು. ಅಲ್ಲಿನವರು ಅದನ್ನು ಕರಗಿಸಿ ಹಣತೆಗೆ ಹೊಯ್ದರು; ನೋವಿನ ಕೀಲುಗಳಿಗೆ ಹಚ್ಚಿದರು. ಬುದ್ಧಿವಂತರು ಮಾಡತಕ್ಕದ್ದು ಅದೇ.

ಉತ್ತರ ಕನ್ನಡದ ಮುರುಗಲಿನ ಬೀಜದಿಂದ ಬರುವ ತುಪ್ಪವು 40 ಡಿಗ್ರಿಯ ಸಮೀಪ ಕರಗುತ್ತದೆ. ಶಿರಸಿ, ಸಾಗರಗಳ ಕಡೆ ಉಪ್ಪಾಗೆಯ ತುಪ್ಪವನ್ನು ಅಡಿಗೆಗೂ ಬಳಸಿದರು. ಮುರುಗಲ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಇಂದಿಗೂ ಉಂಟು. 2000ದ ಇಸವಿಯಲ್ಲಿ ಯೂರೋಪಿನ ಒಕ್ಕೂಟವು ಚಾಕೊಲೇಟಿಗೆ ಬೆರಸಬಹುದೆಂದು ಒಪ್ಪಿದ ಆರು ಸಸ್ಯಸ್ನೇಹಗಳ ಪಟ್ಟಿಯಲ್ಲಿ ಮುರುಗಲೂ ಒಂದು. ದೀಪವಾಗದ ಕೊಬ್ಬು ಮಿಠಾಯಿಯಾಯಿತು.

ಇನ್ನು ಲಂಡನ್ನಿನ ಕಥೆ. ಹಿಂದೆ ಅಲ್ಲಿನ ಬಡವರ ಮನೆಯ ಬೆಳಕು ದನಕುರಿಗಳ ಕೊಬ್ಬಿನ ಬತ್ತಿಯದು. ಹೊಗೆ, ನಾತ, ಕ್ಷಣಕ್ಷಣಕ್ಕೂ ಕುಡಿಯನ್ನು ಕತ್ತರಿಸಬೇಕಾದ ಕಾಟ. ಫ್ರಾನ್ಸಿನ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞನು ಕೊಬ್ಬಿನ ಒಳಗುಟ್ಟನ್ನು ಬಿಡಿಸಿ 1823ರಲ್ಲಿ ಗ್ರಂಥವನ್ನು ಪ್ರಕಟಿಸಿದ ಮೇಲೆ, ಕೊಬ್ಬಿನಲ್ಲಿ ಬೇಗ ಕರಗುವ ಭಾಗವೂ ತಡವಾಗಿ ಕರಗುವ ಭಾಗವೂ ಬೆರೆತಿವೆಯೆಂಬುದು ಎಲ್ಲರಿಗೂ ತಿಳಿಯಿತು. 1829ರಲ್ಲಿ ಜೇಮ್ಸ್ ಸೋಮ್ಸ್ ಎಂಬವನು ತೆಂಗಿನ ಎಣ್ಣೆಯನ್ನು ತಣ್ಣಗೆ ಹೆಪ್ಪುಗಟ್ಟಿಸಿ, ಯಂತ್ರದಿಂದ ಒತ್ತಿ, ತಿಳಿಯನ್ನೂ ಗಟ್ಟಿಯನ್ನೂ ಬೇರೆ ಮಾಡುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. 1830ರಲ್ಲಿ ವಿಲಿಯಂ ವಿಲ್ಸನ್ ಮತ್ತು ಬೆಂಜಮಿನ್ ಲ್ಯಾಂಕಾಸ್ಟರ್ ಎಂಬ ಇಬ್ಬರು ವರ್ತಕರು ಆ ಹಕ್ಕನ್ನು ಕೊಂಡು, ಎಡ್ವರ್ಡ್ ಪ್ರೈಸ್ ಎಂಬ ಹೆಸರಿನಲ್ಲಿ ಕಾರ್ಖಾನೆ ತೆರೆದರು. ಪ್ರೈಸ್ ಎಂಬವನು ಯಾರೂ ಇರಲಿಲ್ಲ. ಕೊಬ್ಬಿನ ಬತ್ತಿ ಮಾಡುವ ಕಸಬು ಗೌರವಸ್ಥರಿಗೆ ತಕ್ಕದ್ದಲ್ಲವೆಂದು ಕಲ್ಪಿತ ಹೆಸರನ್ನು ಇಟ್ಟುಕೊಂಡರೆಂದು ಹೇಳುತ್ತಾರೆ. ನಮ್ಮ ಗಾಣಿಗರು ಜ್ಯೋತಿಯ ಹೆಸರನ್ನು ಧರಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಈ ಕಂಪೆನಿಯವರು ಸಿಂಹಳದಲ್ಲಿ ಸಾವಿರ ಎಕರೆ ತೆಂಗಿನ ತೋಟವನ್ನು ಕೊಂಡರು. 1840ರ ಫೆಬ್ರುವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆಯಾಯಿತು. ಅಂದು ಮನೆಮನೆಯ ಕಿಟಕಿಯಲ್ಲಿಯೂ ದೀಪವಿಡುವ ವಾಡಿಕೆಯಿದ್ದುದರಿಂದ, ತೆಂಗಿನ ಗಟ್ಟಿಭಾಗಕ್ಕೆ ಶೆವ್ರೂಲನ ರೀತಿಯಲ್ಲಿ ತೆಗೆದ ಸ್ಟಿಯರಿಕ್ ಆಮ್ಲವನ್ನು ಬೆರಸಿ ಮಾಡಿದ ಅಗ್ಗದ ಬತ್ತಿಯನ್ನು ಹೊರತಂದರು. ಅದರ ಕುಡಿಯನ್ನು ಕತ್ತರಿಸಬೇಕಾಗಿರಲಿಲ್ಲ. ಹೀಗೆ, ಬಿಳಿಗೆರೆಯಲ್ಲಿ ಸೂರ್ಯ ಹುಟ್ಟಿದೊಡನೆ ಕರಗಿಹೋಗುವ ಹೆಪ್ಪು, ಲಂಡನ್ನಿನಲ್ಲಿ ರಾಣಿಯ ಮದುವೆಗೆ ಬೆಳಗಿತು. ತೆಂಗಿನ ಮರವೊಂದೂ ಬೆಳೆಯದ ದೇಶದವರು ತೆಂಗಿನಿಂದ ಮೇಣದ ಬತ್ತಿಯನ್ನು ಮಾಡಿದ್ದಕ್ಕೆ ಅವರ ಯಂತ್ರಕೌಶಲ ಎಷ್ಟು ಕಾರಣವೋ ಅವರ ಚಳಿಯೂ ಅಷ್ಟೇ ಕಾರಣ.

ಜಪಾನಿನ ಸ್ಥಿತಿ ಬೇರೆ. ಅಲ್ಲಿ ಯಂತ್ರವಿಲ್ಲದೆ, ರಸಾಯನಶಾಸ್ತ್ರವಿಲ್ಲದೆ, ಮರದಿಂದಲೇ ಉತ್ತಮವಾದ ಬತ್ತಿಯಾಯಿತು. ಹಜೆ ಎಂಬ ಆ ಮರವು ನಮ್ಮ ಮಾವು, ಗೇರುಗಳ ಬಳಗದ್ದು. ಗೇರಿನ ಹಾಗೆಯೇ ಇದರ ಹಾಲು ತಗಲಿದರೆ ಮೈ ಬೊಬ್ಬೆಯೇಳುತ್ತದೆ. ಇದರ ಸಣ್ಣ ಕಾಯಿಗಳನ್ನು ಕುಟ್ಟಿ, ಹಬೆಯಲ್ಲಿ ಬೇಯಿಸಿ ಒತ್ತಿದರೆ ಬರುವ ಪದಾರ್ಥವನ್ನು ಜಗತ್ತು ಜಪಾನಿನ ಮೇಣವೆಂದು ಕರೆಯಿತು. ಶಾಸ್ತ್ರದೃಷ್ಟಿಯಿಂದ ಅದು ಮೇಣವಲ್ಲ, ನಮ್ಮ ದೂಪದ ಕೊಬ್ಬಿನಂತೆ ಕೊಬ್ಬೇ. ಆದರೆ ಅದು ಕರಗುವುದು 50 ಡಿಗ್ರಿಯನ್ನು ದಾಟಿದ ಮೇಲೆ. ಆ ಹದಿಮೂರು ಹದಿನಾಲ್ಕು ಡಿಗ್ರಿಗಳಲ್ಲಿಯೇ ಎರಡು ದೇಶಗಳ ದೀಪದ ಚರಿತ್ರೆ ಕವಲೊಡೆಯಿತು. 1603ರಿಂದ 1868ರವರೆಗಿನ ಎದೊ ಕಾಲದಲ್ಲಿ ಪಶ್ಚಿಮ ಜಪಾನಿನ ಸಂಸ್ಥಾನಿಕರು ಹಜೆಯನ್ನು ನೆಡಿಸಿ, ಮೇಣದ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡು ಬೊಕ್ಕಸವನ್ನು ತುಂಬಿಕೊಂಡರು. ಶಿಕೊಕು ದ್ವೀಪದ ಉಚಿಕೊ ಊರು ಈ ಮೇಣದಿಂದಲೇ ಸಿರಿವಂತವಾಯಿತು.

ವಾರೋಸೊಕು ಎಂಬ ಆ ಬತ್ತಿಯ ರಚನೆಯು ಸೊಗಸಾದದ್ದು. ಬಿದಿರುಕಡ್ಡಿಗೆ ಕಾಗದವನ್ನು ಸುತ್ತಿ, ಅದರ ಮೇಲೆ ಜೊಂಡಿನ ಒಳತಿರುಳನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಕರಗಿದ ಮೇಣವನ್ನು ಬರಿಗೈಯಿಂದ ಅದಕ್ಕೆ ಸವರುತ್ತಾರೆ. ಒಂದು ಪದರ ಆರಿದ ಮೇಲೆ ಇನ್ನೊಂದು ಪದರ. ಕತ್ತರಿಸಿ ನೋಡಿದರೆ ಮರದ ಕಾಂಡದಲ್ಲಿರುವಂತೆ ಬಳೆಬಳೆಯಾದ ಗೆರೆಗಳು ಕಾಣುತ್ತವೆ. ಕಡ್ಡಿಯನ್ನು ಎಳೆದು ತೆಗೆದಾಗ ಬತ್ತಿಯ ನಡುವೆ ಟೊಳ್ಳು ಉಳಿಯುತ್ತದೆ. ಅದರೊಳಗಿಂದ ಗಾಳಿ ಏರಿ ಜ್ವಾಲೆ ದೊಡ್ಡದಾಗಿ ಉರಿಯುತ್ತದೆ. 1860–61ರ ಚಳಿಗಾಲದಲ್ಲಿ ಮೈಕೇಲ್ ಫ್ಯಾರಡೆಯು ಲಂಡನ್ನಿನಲ್ಲಿ ಬಾಲಕರಿಗಾಗಿ ಮೇಣದ ಬತ್ತಿಯ ವಿಷಯವಾಗಿ ಆರು ಉಪನ್ಯಾಸಗಳನ್ನು ಕೊಟ್ಟಾಗ, ಸಭೆಗೆ ಬರುತ್ತಿದ್ದ ಮಹಿಳೆಯೊಬ್ಬರು ಜಪಾನಿನಿಂದ ಬಂದ ಎರಡು ಬತ್ತಿಗಳನ್ನು ಅವನಿಗೆ ಕಳುಹಿಸಿಕೊಟ್ಟರು. ಫ್ಯಾರಡೆಯು ಕೊನೆಯ ಉಪನ್ಯಾಸದಲ್ಲಿ ಅವನ್ನು ತೋರಿಸಿ, ಆ ಟೊಳ್ಳುಬತ್ತಿಯನ್ನು ಮೆಚ್ಚಿದನು. ಯೂರೋಪಿನ ದೀಪಗಳಿಗೆ ಆರ್ಗ್ಯಾಂಡ್ ಎಂಬವನು ತಂದ ಸುಧಾರಣೆಯೇ ಅದು. ಜಪಾನಿನ ಕೈಕಸಬಿನವರಲ್ಲಿ ಅದು ಬೇರೆಯಾಗಿಯೇ ಬೆಳೆದಿತ್ತು. ಮನೆಯೊಳಗಿನ ಬುದ್ಧನ ಪೀಠದ ಮುಂದೆ ಹಚ್ಚುವುದಕ್ಕೆ ಈ ಬತ್ತಿಯನ್ನೇ ಜಪಾನೀಯರು ಯೋಗ್ಯವೆಂದು ಎಣಿಸಿದರು. ಅದರಲ್ಲಿ ಪ್ರಾಣಿಯ ಕೊಬ್ಬಿಲ್ಲ, ಕಾಡಿಗೆಯೂ ಕಡಿಮೆ. ದೇವರ ಮುಂದೆ ಉರಿಯುವ ಸ್ನೇಹವು ಕೊಂದು ತಂದದ್ದಾಗಿರಬಾರದೆಂಬ ಭಾವನೆ ಎರಡೂ ದೇಶಗಳಲ್ಲಿ ಒಂದೇ. ತುಪ್ಪವು ಪ್ರಾಣಿಯಿಂದಲೇ ಬಂದರೂ ಕೊಂದು ತಂದದ್ದಲ್ಲ.

ಆದುದರಿಂದ ಹಣತೆಯು ಹಿಂದುಳಿದವರ ದೀಪ, ಮೇಣದ ಬತ್ತಿಯು ಮುಂದುವರಿದವರ ದೀಪ ಎಂಬ ಎಣಿಕೆ ಸಲ್ಲದು. ನಿಜವಾಗಿ ವ್ಯಸನಪಡಬೇಕಾದ ಸಂಗತಿ ಬೇರೆ ಇದೆ. ಜಪಾನಿನಲ್ಲಿ ವಿದ್ಯುತ್ತು ಬಂದ ಮೇಲೂ, ಕಲ್ಲೆಣ್ಣೆಯಿಂದ ತೆಗೆದ ಪ್ಯಾರಫೀನ್ ಬತ್ತಿ ಪೇಟೆಯನ್ನು ತುಂಬಿದ ಮೇಲೂ, ಕೆಲವು ಮನೆತನಗಳಾದರೂ ಹಜೆಯ ಬತ್ತಿಯನ್ನು ಕೈಯಿಂದ ಮಾಡುವುದನ್ನು ಬಿಡಲಿಲ್ಲ, ಕೊಳ್ಳುವವರೂ ಉಳಿದರು. ಕನ್ನಡನಾಡಿನಲ್ಲಿ ಹಣತೆ ಉಳಿಯಿತು, ಎಣ್ಣೆ ಹೋಯಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ತಿಪಟೂರಿನ ಮೇಲೆ ಹರಿಹರದವರೆಗೆ ರೈಲುದಾರಿಯಾಯಿತು. ಕೊಬ್ಬರಿಯನ್ನು ಹೊತ್ತು ಹೋದ ಗಾಡಿಯಲ್ಲಿ ಸೀಮೆಎಣ್ಣೆಯ ಡಬ್ಬಿಗಳು ಬಂದವು. ಹೊಂಗೆಗಿಂತ ಬೆಳಕು ಹೆಚ್ಚು, ಹುರಿಯುವ ಕುಟ್ಟುವ ಶ್ರಮವಿಲ್ಲ. ಬುಡ್ಡಿಯೂ ಲಾಟೀನೂ ನಡುಮನೆಯನ್ನು ಸೇರಿದವು. ಇದನ್ನು ಯಾರೂ ತಪ್ಪೆನ್ನಲಾರರು. ಮಕ್ಕಳು ರಾತ್ರಿ ಓದುವಂತಾದದ್ದು ಲಾಟೀನಿನಿಂದಲೇ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು, 1905ರಲ್ಲಿ ಬೆಂಗಳೂರಿಗೆ ಅದರ ಬೆಳಕು ಬಂದಿತು. ಹಳ್ಳಿಗಳಿಗೆ ಬರಲು ಬಹಳ ವರ್ಷಗಳು ಹಿಡಿದವು. ನಡುವೆ, 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿನ ಸೀಮೆಎಣ್ಣೆ ನಿಂತುಹೋದಾಗ, ಅಟ್ಟ ಸೇರಿದ್ದ ಹಣತೆಗಳು ಕೆಳಗಿಳಿದವು. ಹೊಂಗೆಯ ಬೀಜವನ್ನು ಜನ ಮತ್ತೆ ಆರಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಮರೆತರು.

ಊರಹಬ್ಬದ ದಿನ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಗ್ರಾಮದೇವತೆಯ ಗುಡಿಗೆ ನಡೆಯುವುದು ಈ ಸೀಮೆಯಲ್ಲಿ ಈಗಲೂ ಉಂಟು. ಅಕ್ಕಿಯ ಹಿಟ್ಟೂ ಬೆಲ್ಲವೂ ಸೇರಿದ ಆ ದೀಪದಲ್ಲಿ ತುಪ್ಪದ ಬತ್ತಿ ಉರಿಯುತ್ತದೆ. ಆರಿದ ಮೇಲೆ ಪಾತ್ರೆಯನ್ನೇ ತಿನ್ನಬಹುದು. ಮಿಕ್ಕ ದಿನಗಳ ದೀಪಕ್ಕೆ ಅಂಗಡಿಯಿಂದ ಸೀಸೆ ಬರುತ್ತದೆ. ಅದರ ಮೇಲೆ ದೀಪದ ಎಣ್ಣೆಯೆಂದು ಬರೆದಿರುತ್ತದೆ. ಯಾವ ಮರದ್ದೆಂದು ಬರೆದಿರುವುದು ಅಪರೂಪ.